ಹನ್ನೊಂದು ಮೀನು

ವಿಮಲಮ್ಮ ಮೊಣಕೈವರೆಗೆ ಕೈ ಇಳಿಸಿ, ಗಾಜಿನ ತೊಟ್ಟಿಯ ತಳದಿಂದ ಸತ್ತ ಎರಡನೆಯ ಮೀನನ್ನು ಎತ್ತುತ್ತಿದ್ದಾಗ ಬೆನ್ನ ಹಿಂದೆ ಗಂಡನ ಅಕ್ಕ ಶಿವನಂಜಮ್ಮನ ದನಿ ಕೇಳಿಸಿತು.

"ಗಂಡನ ಹೆಣ ಎದುರಿಗೆ ಕೂತೈತೆ. ನೀನು ಮೀನು ಹಿಡೀತಾ ನಿಂತಿದ್ದೀಯಲ್ಲೇ. ನಾಚ್ಕೆ ಅನ್ನೋದು ಏನಾದ್ರೂ ಐತೇನೇ ನಿಂಗೆ?"

ವಿಮಲಮ್ಮ ತಿರುಗಲಿಲ್ಲ. ಹಜಾರದ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ ಕೂರಿಸಿದ್ದ ತೋಂಟದಾರ್ಯನಿಗೂ ಈ ತೊಟ್ಟಿಗೂ ನಾಲ್ಕೇ ಹೆಜ್ಜೆ. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಊದುಬತ್ತಿಯ ಹೊಗೆಯನ್ನೂ ಮೀರಿ ಕೊಳೆತ ವಾಸನೆ ಏಳುತ್ತಿತ್ತು. ಉಳಿದ ನಾಲ್ಕು ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಟ್ಟು ಬಿಟ್ಟು ಗಾಳಿ ಎಳೆಯುತ್ತಿದ್ದವು. ಒಂದರ ಬೆನ್ನ ಮೇಲೆ ಹತ್ತಿ ಅಂಟಿಸಿದಂತೆ ಬಿಳಿ ಬೂಷ್ಟು.

"ಅವರು ಹೋಗಿದ್ದಾಯ್ತು ಅತ್ಗೆ," ಎಂದಳು. "ಇವು ಇನ್ನೂ ಹೋಗಿಲ್ಲ."

"ಸಾವಿನ ಮನೇಲಿ ನಿಂತ ನೀರು ಇಟ್ಕೋಬಾರ್ದು. ಎಲ್ಲಾನೂ ಎತ್ತಿ ಆಚೆ ಚೆಲ್ಲು. ನನ್ನ ತಮ್ಮ ಮಕ್ಕಳ ಹಂಗೆ ಸಾಕಿದ್ದ. ಅವನು ಆಸ್ಪತ್ರೆ ಸೇರಿದ ಒಂಬತ್ತು ದಿನಕ್ಕೆ ಈ ಗತಿ. ನಿನ್ನ ಕೈಗುಣಾನೇ ಅಂಥದ್ದು ಬುಡು."

"ಆ ಒಂಬತ್ತು ದಿನಾನೂ ನಾನು ತಿಪಟೂರಲ್ಲಿ ಅವರ ಮಂಚದ ಪಕ್ಕ ಇದ್ದೆ. ಮನೆ ಬೀಗದ ಕೈ ಇದ್ದಿದ್ದು ನಿಮ್ಮ ಹತ್ರ."

"ಇತ್ತು. ದಿನಾ ಎರಡು ಹೊತ್ತೂ ಬಂದು, ಮುಚ್ಚಳದ ಕಿಂಡೀಲಿ ಕೈ ತುಂಬ ಊಟ ಹಾಕಿ ಹೋಗಿದ್ದೀನಿ. ಊಟ ಹಾಕಿದ್ರೆ ಸಾಯ್ತಾವೇನೇ?"

ವಿಮಲಮ್ಮ ಮತ್ತೆ ಕೈ ಇಳಿಸಿದಳು. ತಳದ ಕಲ್ಲುಗಳ ಸಂದಿಯಿಂದ ಒಂದು ಹಿಡಿ ಬಾಚಿ, ತಿರುಗಿ, ಅತ್ತಿಗೆಯ ಮುಂದೆ ಅಂಗೈ ಬಿಚ್ಚಿದಳು. ಮೀನಿಗೆ ಹಾಕಿದ್ದ ಕಾಳು ಕೊಳೆತು ಬೂದು ಬಣ್ಣದ ಅಂಟಾಗಿತ್ತು. ಶಿವನಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದೇ ನೀವು ಹಾಕಿದ ಊಟ. ತಿಂದು ಮಿಕ್ಕಿದ್ದು ಕೊಳೆತು ನೀರು ಕೆಟ್ಟೈತೆ. ಆದ್ರೆ ನಾನು ನಿಮ್ಮನ್ನ ಮೀನು ಕೊಂದೋಳು ಅಂತ ಕರೆಯಲ್ಲ, ಹೆದರ್ಕೋಬೇಡಿ."

ಚಾಪೆಯ ಮೇಲೆ ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬಳು ಮಾತು ಮರೆಸಲೆಂಬಂತೆ, "ಏನೇ ಅನ್ನಿ, ತೋಂಟಣ್ಣ ಯಾರಿಗೂ ಒಂದು ಗಡಸು ಮಾತಾಡಿದೋರಲ್ಲ ಕಣ್ರೀ," ಎಂದಳು. "ಬೇಸಿಗೇಲಿ ಮೋಟ್ರು ಸುಟ್ಟು ಹೋದಾಗ ನಮ್ಮ ತೋಟ ಉಳಿಸಿದ್ದೇ ಅವ್ರು."

ವಿಮಲಮ್ಮ ಪೈಪಿನ ಒಂದು ತುದಿಯನ್ನು ತೊಟ್ಟಿಗೆ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು, ಕೆಟ್ಟ ನೀರನ್ನು ಬಕೆಟ್ಟಿಗೆ ಬಿಟ್ಟಳು.

*

ಆ ಹೆಂಗಸು ಹೇಳಿದ್ದು ಸುಳ್ಳಲ್ಲ. ನೊಣವಿನಕೆರೆಯ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮೂವತ್ತೆಂಟು ವರ್ಷ ತೋಂಟದಾರ್ಯ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸಿದ್ದ. ಸುತ್ತಿನ ತೆಂಗಿನ ತೋಟಗಳಲ್ಲಿ ಸುಟ್ಟ ಮೋಟಾರೆಲ್ಲ ಅವನ ಕೈಗೇ ಬರುತ್ತಿತ್ತು. ತಾಮ್ರದ ತಂತಿ ಸುತ್ತುತ್ತ ಬಂದವರೊಂದಿಗೆಲ್ಲ ನಗುನಗುತ್ತ ಮಾತಾಡುವವನು, ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಮೂಕನಾಗುತ್ತಿದ್ದ. ಬಾಯಿ ಬಿಟ್ಟರೆ ಮೀನಿನ ವಿಷಯ. ಮೀನಿನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ ಬಂದರೂ ಬ್ಯಾಟರಿ ಬಿಟ್ಟು ಪತ್ತೆ ಹಚ್ಚುತ್ತಿದ್ದ. ಹೆಂಡತಿಯ ಎಡಗಣ್ಣಿಗೆ ಪೊರೆ ಬಂದಿದೆಯೆಂದು ಅವನಿಗೆ ತಿಳಿದದ್ದು ಅವಳು ಹೊಸ್ತಿಲು ಎಡವಿ ಬಿದ್ದ ಮೇಲೆ.

ಐದು ವರ್ಷದ ಹಿಂದೆ, ಶಿವರಾತ್ರಿಯ ಹಿಂದಿನ ದಿನ, ಮನೆ ತುಂಬ ನೆಂಟರಿದ್ದರು. ನೆಂಟರೆದುರು ತೊಟ್ಟಿ ಫಳಫಳಿಸಬೇಕೆಂದು ಅವನು ಅಷ್ಟೂ ನೀರು ಚೆಲ್ಲಿ, ಗಾಜು ಉಜ್ಜಿ, ಫಿಲ್ಟರಿನ ಸ್ಪಂಜನ್ನೂ ಹಿತ್ತಲ ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದ. ಪಾತ್ರೆ ಬೆಳಗುತ್ತಿದ್ದ ವಿಮಲಮ್ಮನಿಗೆ ಘಾಟು ಬಂತು.

"ರೀ, ಇವತ್ತು ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕವ್ರೆ. ವಾಸ್ನೆ ಮೂಗಿಗೆ ಹೊಡೀತೈತೆ. ಡ್ರಮ್ಮಲ್ಲಿ ಒಂದು ದಿನ ನಿಲ್ಲಿಸಿ ಆಮೇಲೆ ತುಂಬ್ರಿ."

"ನೀನು ಸಾರಿಗೆ ಉಪ್ಪು ಎಷ್ಟು ಅಂತ ನೋಡ್ಕೋ ಹೋಗು," ಎಂದ ಅವನು. ಹಿತ್ತಲಲ್ಲಿ ಆಗ ಇದ್ದದ್ದು ಅವರಿಬ್ಬರೇ.

ಬೆಳಿಗ್ಗೆ ಹನ್ನೊಂದು ಮೀನೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೆಂಟರೆಲ್ಲ ತೊಟ್ಟಿಯ ಸುತ್ತ ನೆರೆದರು. ಅವನು ಒಂದೊಂದನ್ನೇ ಬಲೆಯಲ್ಲಿ ಎತ್ತಿ ತಟ್ಟೆಗೆ ಹಾಕುತ್ತ, ಅವಳ ಕಡೆ ನೋಡದೆ, "ಇವಳು ನಿನ್ನೆ ಸಂಜೆ ಅಡುಗೆಮನೇಲಿ ಸೊಳ್ಳೆ ಔಷಧಿ ಹೊಡೆದ್ಲು. ಅದರ ವಿಷ ಇದು," ಎಂದ.

"ಅಯ್ಯೋ ಪಾಪಿ! ಶಿವರಾತ್ರಿ ದಿನ ಹನ್ನೊಂದು ಜೀವ ತಗೊಂಡ್ಯಲ್ಲೇ," ಎಂದು ಶಿವನಂಜಮ್ಮ ಎದೆ ಬಡಿದುಕೊಂಡಳು.

ಮರುವಾರ ಹೊಸ ಮೀನು ಬಂದವು. ತೊಟ್ಟಿಯ ಮುಚ್ಚಳಕ್ಕೆ ಬೀಗವೂ ಬಂತು. ಕೀಲಿ ಅವನ ಉಡುದಾರ ಸೇರಿತು. ಮನೆಗೆ ಬಂದವರಿಗೆಲ್ಲ ಅವನು ಬೀಗ ತೋರಿಸಿ ಕಾರಣ ಹೇಳಿ ನಗುತ್ತಿದ್ದ. ಅಷ್ಟು ಸಲ ಕೇಳಿ ಕೇಳಿ ವಿಮಲಮ್ಮನಿಗೇ ಅನುಮಾನ ಹುಟ್ಟಿತು. ಬ್ಲೀಚಿಂಗ್ ಅಲ್ಲವೇನೋ, ನನ್ನ ಸೊಳ್ಳೆ ಔಷಧಿಯೇ ಇರಬಹುದೇನೋ. ಅವಳು ಆಮೇಲೆ ಔಷಧಿ ಹೊಡೆಯಲಿಲ್ಲ. ಸೊಳ್ಳೆ ಕಚ್ಚಿಸಿಕೊಂಡೇ ಅಡುಗೆ ಮಾಡಿದಳು. ಈ ದಿನ ಬೆಳಿಗ್ಗೆ ಹೆಣಕ್ಕೆ ಸ್ನಾನ ಮಾಡಿಸುವಾಗ, ಉಡುದಾರದಿಂದ ಆ ಕೀಲಿಯನ್ನು ಬಿಚ್ಚಿಕೊಂಡಿದ್ದಳು.

*

ಹನ್ನೊಂದು ಗಂಟೆಯ ಹೊತ್ತಿಗೆ ಮಾಯಣ್ಣ ಹಾರ ಹಿಡಿದು ಬಂದ. ತಿಪಟೂರಿನಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಅವನದು. ತೋಂಟದಾರ್ಯ ವಾರಕ್ಕೊಮ್ಮೆ ಅಲ್ಲಿ ಹೋಗಿ ಕೂರುತ್ತಿದ್ದ, ಇವನು ತಿಂಗಳಿಗೊಮ್ಮೆ ಇಲ್ಲಿ ಬಂದು ಕಾಫಿ ಕುಡಿಯುತ್ತಿದ್ದ. ಹೆಣಕ್ಕೆ ಹಾರ ಹಾಕಿ ಕೈಮುಗಿದವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ವಿಮಲಮ್ಮ ಖಾಲಿ ಬಕೆಟ್ ಹಿಡಿದು ಹಿತ್ತಲಿಗೆ ಹೋದಾಗ ಅವನೂ ಹಿಂದೆಯೇ ಬಂದ.

"ಪೂರ್ತಿ ನೀರು ತೆಗೀಬೇಡಿ ಅಕ್ಕ."

"ಗೊತ್ತು. ಮೂರರಲ್ಲಿ ಒಂದು ಪಾಲು ತೆಗ್ದಿದ್ದೀನಿ. ಸಂಜೆ ಇನ್ನೊಂದಿಷ್ಟು ತೆಗೀತೀನಿ." ಅವಳು ಡ್ರಮ್ಮಿನ ಮುಚ್ಚಳ ಎತ್ತಿದಳು. "ಆಸ್ಪತ್ರೆಗೆ ಹೋಗೋಕ್ ಮುಂಚೆ ಹಿಡಿದಿಟ್ಟ ನೀರು. ಒಂದು ಹಿಡಿ ಕಲ್ಲುಪ್ಪು ಕರಗಿಸಿ ಹಾಕ್ತೀನಿ. ಸ್ಪಂಜನ್ನ ನಲ್ಲೀಲಿ ತೊಳೀದೆ ಅದೇ ತೊಟ್ಟಿ ನೀರಲ್ಲಿ ಹಿಂಡಿದೆ, ನೀರು ತಿಳಿ ಮಾಡೋ ಸೂಕ್ಷ್ಮ ಜೀವ ಅದರಲ್ಲೇ ತಾನೇ ಇರೋದು."

ಮಾಯಣ್ಣ ಬೆರಗಾದ. "ಎಲ್ಲಿ ಕಲಿತ್ರಿ?"

"ಹನ್ನೆರಡು ವರ್ಷ ಅವರು ಮಾಡೋದನ್ನ ನೋಡಿದ್ದೀನಿ. ಮುಟ್ಟೋಕೆ ಬಿಡ್ಲಿಲ್ಲ, ನೋಡೋಕೂ ಬೀಗ ಹಾಕೋಕ್ ಆಗುತ್ತಾ?"

"ಸರಿಯಾಗೇ ಮಾಡ್ತಾ ಇದ್ದೀರ ಬುಡಿ. ಆವತ್ತು ತೋಂಟಣ್ಣ ನಿಮ್ಮ ಮಾತು ಕೇಳಿ ಒಂದು ದಿನ ನೀರು ನಿಲ್ಲಿಸಿದ್ರೆ ಆ ಹನ್ನೊಂದೂ ಉಳೀತಿದ್ವು."

ಡ್ರಮ್ಮಿನೊಳಗೆ ಇಳಿದಿದ್ದ ವಿಮಲಮ್ಮನ ಕೈ ನಿಂತಿತು.

"ನಾನು ನೀರು ನಿಲ್ಲಿಸ್ರಿ ಅಂದಿದ್ದು ನಿಂಗೆ ಹೆಂಗೆ ಗೊತ್ತು?"

ಮಾಯಣ್ಣನ ಮುಖ ಕಪ್ಪಿಟ್ಟಿತು. ಅವನು ಹಿತ್ತಲ ಬಾಗಿಲ ಕಡೆ ನೋಡಿದ.

"ಹೇಳು."

"ಅವರೇ ಅಂದಿದ್ರು ಅಕ್ಕ. ಹೊಸ ಮೀನು ತಗೊಳ್ಳೋಕೆ ಬಂದಾಗ. 'ನಂದೇ ತಪ್ಪು ಮಾರಾಯ, ಅವಳು ಬೇಡ ಅಂದ್ರೂ ಬ್ಲೀಚಿಂಗ್ ನೀರು ತುಂಬಿದೆ, ಸ್ಪಂಜನ್ನೂ ತೊಳೆದೆ. ಜನದ ಮುಂದೆ ಹೆಂಗೆ ಒಪ್ಕೊಳ್ಳೋದು ಅಂತ ಅವಳ ಮೇಲೆ ಹಾಕ್ಬಿಟ್ಟೆ' ಅಂದ್ರು."

"ಅಳ್ತಾ ಅಂದ್ರಾ, ನಗ್ತಾ ಅಂದ್ರಾ?"

ಮಾಯಣ್ಣ ಹೆಗಲ ಮೇಲಿನ ಟವಲು ತೆಗೆದು ಮಡಿಸತೊಡಗಿದ.

"ಐದು ವರ್ಷ," ಎಂದಳು ವಿಮಲಮ್ಮ. "ಈ ಐದು ವರ್ಷದಲ್ಲಿ ನನ್ನ ಕೈಯಿಂದ ಎಷ್ಟು ಲೋಟ ಕಾಫಿ ಕುಡ್ದಿದ್ದೀಯ ನೀನು?"

"ಗಂಡ ಹೆಂಡ್ತಿ ವಿಷ್ಯ, ನಾನ್ಯಾಕೆ ಬಾಯಿ ಹಾಕ್ಲಿ ಅಂತ..."

"ಈಗ ಹಾಕು. ಒಳಗೆ ಬಾ. ಎಲ್ಲರ ಮುಂದೆ ಹೇಳು."

"ಅಯ್ಯೋ, ಸತ್ತೋರ ಮುಂದೆ ಅವರ ತಪ್ಪು ಹೇಳ್ತಾರೇನಕ್ಕ? ಮಣ್ಣಾಗ್ಲಿ. ಹನ್ನೊಂದನೇ ದಿನ ಬಂದು ಹೇಳ್ತೀನಿ, ದೇವ್ರಾಣೆ."

ಅವನು ಸರಸರನೆ ಮುಂಬಾಗಿಲಿಗೆ ಹೋಗಿ ಗಂಡಸರ ಗುಂಪು ಸೇರಿಕೊಂಡ.

*

ಮಗಳು ಸಿಂಧುವಿಗೆ ಮೂರು ವರ್ಷದ ಹಿಂದೆ ಹೆರಿಗೆಯಾಯಿತು. ವಿಮಲಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿ, ಬಾಣಂತಿ ಖಾರಕ್ಕೆ ಮೆಣಸು ಹುರಿದು, ಒಳಕೋಣೆ ಸಾರಿಸಿ ಕಾದಿದ್ದಳು. ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದ ಶಿವನಂಜಮ್ಮ, "ಮೀನನ್ನೇ ನೋಡ್ಕೊಳ್ಳದೋಳು ಕೂಸು ನೋಡ್ಕೊಂತಾಳಾ? ಬಾಣಂತನ ನಮ್ಮನೇಲೇ ಆಗ್ಲಿ," ಎಂದಳು. ತೋಂಟದಾರ್ಯ ಕಿಟಕಿಯ ಬಳಿ ನಿಂತಿದ್ದ. ಒಂದು ಮಾತು ಸಾಕಿತ್ತು. ಅವನು ನಕ್ಕು, "ಅಕ್ಕ ಹೇಳೋದೂ ಸರೀನೇ," ಎಂದ.

ಸಿಂಧು ಅಮ್ಮನ ಮುಖ ನೋಡಲಿಲ್ಲ. ಮೂರು ತಿಂಗಳು ಸೋದರತ್ತೆಯ ಮನೆಯಲ್ಲಿದ್ದು, ಅಲ್ಲಿಂದಲೇ ತುರುವೇಕೆರೆಯ ಗಂಡನ ಮನೆಗೆ ಹೋದಳು.

*

ಮೂರು ಗಂಟೆಗೆ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಹೊತ್ತಾಯಿತೆಂದರು. ತೋಟದಲ್ಲಿ ಗುಂಡಿ ಸಿದ್ಧವಾಗಿತ್ತು. ಅಂಗಳದಲ್ಲಿ ಬಿದಿರು ಕಟ್ಟಿ, ಹೂ ಸುತ್ತಿದ, ಹೆಣ ಹೊರುವ ವಿಮಾನ ಕಾಯುತ್ತಿತ್ತು. ನಾಲ್ವರು ಹೆಣವನ್ನು ಕೂತ ಭಂಗಿಯಲ್ಲೇ ಎತ್ತಿ ಬಾಗಿಲಿಗೆ ತಂದರು. ಹೊಸ್ತಿಲ ಮೇಲೆ ಎರಡೂ ಕಡೆಯ ಚೌಕಟ್ಟು ಹಿಡಿದು ವಿಮಲಮ್ಮ ನಿಂತಿದ್ದಳು. ಸೀರೆಯ ಮುಂಭಾಗ ಒದ್ದೆಯಾಗಿತ್ತು.

"ದಾರಿ ಬಿಡಮ್ಮ," ಎಂದರು ಅಯ್ನೋರು.

"ಮಾಯಣ್ಣ ಒಂದು ಮಾತು ಹೇಳ್ಬೇಕು ಬುದ್ಧಿ. ಹೇಳಿದ ತಕ್ಷಣ ಬಿಡ್ತೀನಿ."

ಅಂಗಳದಲ್ಲಿ ಭಜನೆಯವರ ತಾಳ ನಿಂತಿತು. ಶಿವನಂಜಮ್ಮ ಹಿಂದಿನಿಂದ ಬಂದು ಅವಳ ಭುಜ ಹಿಡಿದೆಳೆದಳು. "ಹುಚ್ಚು ಹಿಡೀತೇನೇ? ಹೆಣ ಹೊತ್ತೋರನ್ನ ನಿಲ್ಲಿಸ್ತೀಯಾ?"

ವಿಮಲಮ್ಮ ಭುಜ ಕೊಡವಿದಳು. ಕೈ ಬಿಡಲಿಲ್ಲ.

"ಅಮ್ಮ, ಈಗ ಬೇಡಮ್ಮ," ಎಂದಳು ಸಿಂಧು. "ಜನ ಏನಂತಾರೆ?"

"ಐದು ವರ್ಷದಿಂದ ಅಂತಾನೇ ಅವ್ರೆ. ಇವತ್ತೂ ಅನ್ಲಿ." ವಿಮಲಮ್ಮ ಅಂಗಳದ ಗುಂಪಿನತ್ತ ನೋಡಿದಳು. "ಮಾಯಣ್ಣ, ಅವರು ಈ ಮನೆಯೊಳಗೆ ಇರೋವಾಗ್ಲೇ ಹೇಳು. ಮಣ್ಣಿಗೆ ಹೋದ್ಮೇಲೆ ನೀನು ಏನು ಹೇಳಿದ್ರೂ ಅದು ನನ್ನ ಪರ ಆಡಿದ ಮಾತಾಗುತ್ತೆ."

ಹೊತ್ತವರಲ್ಲೊಬ್ಬ, "ಭಾರ ಕಣ್ಲಾ, ಏನಿದ್ರೂ ಬೇಗ ಹೇಳ್ಲಾ ಮಾಯಣ್ಣ," ಎಂದು ರೇಗಿದ. ಎಲ್ಲರೂ ತನ್ನತ್ತಲೇ ತಿರುಗಿದ್ದು ನೋಡಿ ಮಾಯಣ್ಣ ಟವಲಿನಿಂದ ಮುಖ ಒರೆಸಿಕೊಂಡ.

"ಆವತ್ತು ಶಿವರಾತ್ರೀಲಿ ಮೀನು ಸತ್ತಿದ್ದು ಸೊಳ್ಳೆ ಔಷಧಿಯಿಂದ ಅಲ್ಲ," ಎಂದ ನೆಲ ನೋಡುತ್ತ. "ಅಕ್ಕ ಬೇಡ ಅಂದ್ರೂ ತೋಂಟಣ್ಣಾನೇ ಬ್ಲೀಚಿಂಗ್ ನೀರು ಹಾಕಿದ್ರು. ಅವರೇ ನನ್ನ ಹತ್ರ ಅಂದಿದ್ರು."

ಹೊತ್ತವರ ನಡುವೆ ಹೆಣದ ತಲೆ ಸ್ವಲ್ಪ ವಾಲಿತು. ಯಾರೋ ಕೈ ಕೊಟ್ಟು ನೆಟ್ಟಗೆ ಮಾಡಿದರು.

"ಇಷ್ಟಕ್ಕಾ?" ಎಂದಳು ಶಿವನಂಜಮ್ಮ. "ಹನ್ನೊಂದು ಮೀನಿಗೋಸ್ಕರ ನನ್ನ ತಮ್ಮನ ಮಾನ ಕಳೆದ್ಯಲ್ಲೇ, ಅದೂ ಇವತ್ತು!"

"ನಂದು ಕಳೆದಾಗ ನೀವು ಎದೆ ಬಡ್ಕೊಂಡಿದ್ದು ಮೀನಿಗೆ," ಎಂದಳು ವಿಮಲಮ್ಮ. ಆಮೇಲೆ ಮಗಳತ್ತ ತಿರುಗಿದಳು. "ಕೇಳಿಸ್ತಾ ನಿಂಗೆ?"

ಸಿಂಧು ಅಮ್ಮನ ಮುಖ ನೋಡಿದಳು. "ಕೇಳಿಸ್ತಮ್ಮ."

ವಿಮಲಮ್ಮ ಚೌಕಟ್ಟು ಬಿಟ್ಟು ಪಕ್ಕಕ್ಕೆ ಸರಿದಳು. ಹೆಣ ದಾಟುವಾಗ ಮುಖ ತಿರುಗಿಸಲೂ ಇಲ್ಲ, ಕೈ ಮುಗಿಯಲೂ ಇಲ್ಲ. ತಾಳ ಮತ್ತೆ ಶುರುವಾಯಿತು. ಗಂಡಸರು, ಹೆಂಗಸರು ಎಲ್ಲರೂ ತೋಟದ ದಾರಿ ಹಿಡಿದರು. ಅವಳು ಹೋಗಲಿಲ್ಲ. ಕರೆಯಲು ಯಾರಿಗೂ ಧೈರ್ಯವಿರಲಿಲ್ಲ.

*

ಮಣ್ಣು ಮಾಡಿ ವಾಪಸು ಬರುವಾಗ ಹೊತ್ತು ಇಳಿದಿತ್ತು. ಎಲ್ಲರಿಗಿಂತ ಮುಂದೆ ಬಂದ ಶಿವನಂಜಮ್ಮ ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಹೆಣ ಕೂರಿಸಿದ್ದ ಜಾಗದಲ್ಲೇ, ಅದೇ ಗೋಡೆಗೆ ಒರಗಿ, ಕಾಲು ಚಾಚಿ ವಿಮಲಮ್ಮ ಕೂತಿದ್ದಳು. ತಲೆ ಒಂದು ಕಡೆ ವಾಲಿತ್ತು. ಬಾಯಿ ಅರ್ಧ ತೆರೆದಿತ್ತು. ನೆಲದ ಮೇಲೆ ಉದುರಿದ್ದ ವಿಭೂತಿ ಒದ್ದೆ ಸೀರೆಗೆ ಮೆತ್ತಿಕೊಂಡಿತ್ತು.

"ಅಯ್ಯೋ, ಇವಳೂ ಹೋದ್ಲಲ್ಲೋ!" ಎಂದು ಶಿವನಂಜಮ್ಮ ಚೀರಿದಳು.

ಆಗ ವಿಮಲಮ್ಮನ ಗಂಟಲಿನಿಂದ ಗೊರಕೆ ಎದ್ದಿತು. ದೀರ್ಘವಾದ, ಯಾರ ಹಂಗೂ ಇಲ್ಲದ ಗೊರಕೆ.

ಶಿವನಂಜಮ್ಮ ಹಲ್ಲು ಕಚ್ಚಿ ಎಬ್ಬಿಸಲು ಕೈ ಚಾಚಿದಳು. ಹಿಂದೆಯೇ ಬಂದ ಸಿಂಧು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು.

"ಮುಟ್ಬೇಡಿ ಅತ್ತೆ."

"ಮಣ್ಣು ಮಾಡಿ ಬಂದೋರು ದೀಪ ನೋಡಿ ಹೋಗ್ಬೇಕು ಕಣೇ ಎಲ್ರೂ. ಹೆಣ ಕೂತಿದ್ದ ಜಾಗದಲ್ಲೇ ಹಚ್ಚಬೇಕು."

"ಹಿತ್ತಲ ಬಾಗ್ಲಲ್ಲಿ ಹಚ್ತೀನಿ. ಅಲ್ಲೇ ನೋಡ್ಲಿ."

ಸಿಂಧು ಕೈ ಬಿಡಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಯ್ನೋರೇ ಮೊದಲು ತಿರುಗಿದರು. ಅವರ ಹಿಂದೆ ಹೆಣ ಹೊತ್ತವರು, ಭಜನೆಯವರು, ಮಾಯಣ್ಣ, ಚಾಪೆಯ ಮೇಲೆ ಕೂತಿದ್ದ ಹೆಂಗಸರು, ಒಬ್ಬರ ಹಿಂದೊಬ್ಬರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೆಜ್ಜೆ ಇಡುತ್ತ, ಮನೆಯ ಪಕ್ಕದ ಓಣಿಯಲ್ಲಿ ಸುತ್ತು ಹಾಕಿ ಹಿತ್ತಲಿನ ಕಡೆ ನಡೆದರು.