ಹುಳ ಹಣ್ಣಾದ ಭಾನುವಾರ

ಸುವರ್ಣಮ್ಮ ಕೊಳ್ಳೇಗಾಲದ ಹೈಸ್ಕೂಲಿಗೆ ಲೆಕ್ಕದ ಟೀಚರಾಗಿ ಬಂದ ವರ್ಷ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದ್ರಾಸು ಸೀಮೆ. ನಡುವೆ ಇದ್ದದ್ದು ಒಂದು ಬಸ್ಸಿನ ಹಾದಿ ಅಷ್ಟೇ. ಆದರೂ ಅತ್ತೆ, "ನಮ್ಮ ಸೊಸೆ ಪರದೇಶದಲ್ಲಿ ಕೆಲಸಕ್ಕಿದ್ದಾಳೆ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅದರಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂಬುದು ಸುವರ್ಣಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ. ಗಂಡ ಯಳಂದೂರಿನಲ್ಲೇ ಗುಮಾಸ್ತ. ಮಾತು ಕಲಿಯುತ್ತಿದ್ದ ಮಗಳು ಅಜ್ಜಿಯ ಮಡಿಲಲ್ಲಿ. ಶನಿವಾರ ಸಂಜೆ ಬಸ್ಸು ಹತ್ತಿ ಹೋಗಿ, ಭಾನುವಾರ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಸೋಮವಾರ ಅದು ಕಣ್ಣು ಬಿಡುವ ಮೊದಲೇ ಎದ್ದು ಬಂದುಬಿಡಬೇಕು. ಎದ್ದ ಮೇಲಾದರೆ ಬರಲಿಕ್ಕಾಗುವುದಿಲ್ಲ.

ನಾಲ್ಕನೇ ಫಾರಂ, ಅಂದರೆ ಈಗಿನ ಒಂಬತ್ತನೇ ಕ್ಲಾಸು, ಅವಳಿಗೆ ಕೊಟ್ಟಿದ್ದರು. ಹಿಂದಿನ ಬೆಂಚಿನವರಿಗೆ ಮೀಸೆ ಚಿಗುರಿತ್ತು. ಹೆಂಗಸು ಪಾಠ ಹೇಳುವುದನ್ನು ಆ ಹುಡುಗರು ಕಂಡವರಲ್ಲ. ಬಾಯಿಗೆ ರೂಢಿಯಾದ 'ಸಾ' ಬಿಟ್ಟು ಬೇರೆ ಬರುತ್ತಿರಲಿಲ್ಲ.

"ಸಾ ಅನ್ನಬೇಡ್ರಪ್ಪ, ಟೀಚರ್ ಅನ್ನಿ."

"ಆಯ್ತು ಸಾ."

ಖುಷಿಯೂ ಇತ್ತು. ಒಂದು ದಿನ ಹಲಗೆಯ ಮೇಲೆ ಒಂದೇ ಬೀಸಿಗೆ ವೃತ್ತ ಎಳೆದಳು. ಅದು ಶುರುವಾದಲ್ಲಿಗೇ ಬಂದು ಕೂಡಿಕೊಂಡಾಗ ಇಡೀ ಕ್ಲಾಸು "ಅಬ್ಬಾ" ಅಂದಿತು. ಅವಳು ತಿರುಗದೆ ಅಲ್ಲೇ ಸ್ವಲ್ಪ ಹೊತ್ತು ನಿಂತಳು, ಮುಖದ ಮೇಲಿನ ನಗು ಇಳಿಯಲಿ ಎಂದು. ಅವತ್ತು ರೂಮಿಗೆ ಹೋಗಿ ಅನ್ನಕ್ಕಿಟ್ಟಾಗಲೂ ಅದೇ ನೆನಪು.

ಕನ್ನಡ ಪಂಡಿತರಾಗಿದ್ದ ವೃಷಭೇಂದ್ರಪ್ಪನವರು ಹಿರಿಯರು. ಸೇರಿದ ವಾರವೇ ಬುದ್ಧಿ ಹೇಳಿದ್ದರು: "ನೋಡಿ ತಾಯಿ, ಮೊದಲನೇ ವರ್ಷ ಆಡಿದ ಮಾತು ಹಿಂದಕ್ಕೆ ತಗೋಬೇಡಿ. ಒಂದು ಸಲ ತಗೊಂಡ್ರಿ ಅನ್ನಿ, ಆಮೇಲೆ ಕ್ಲಾಸು ನಡೆಸೋರು ಅವರು, ಕೂತು ಕೇಳೋರು ನೀವು." ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆ ಕ್ಲಾಸಿಗೆ ಒಬ್ಬಳೇ ಹುಡುಗಿ, ಮಧುವನಹಳ್ಳಿಯ ಪುಟ್ಟಮಲ್ಲಮ್ಮ. ದಿನಾ ಅಲ್ಲಿಂದ ನಡೆದು ಬರುತ್ತಿದ್ದಳು. ಗೋಡೆ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತು, ತುಟಿ ಎರಡು ಮಾಡದೆ, ಲೆಕ್ಕ ಮಾತ್ರ ಎಲ್ಲರಿಗಿಂತ ಮೊದಲು ಮಾಡಿ ಮುಗಿಸುವವಳು. ಅಂಥವಳು ಇದ್ದಕ್ಕಿದ್ದಂತೆ ತೂಕಡಿಸತೊಡಗಿದಳು. ಒಂದು ದಿನ ಸುಮ್ಮನಾದಳು ಸುವರ್ಣಮ್ಮ. ಮಾರನೆಯ ದಿನವೂ ತಲೆ ಬೆಂಚಿಗೆ ತಗಲಿ ಹುಡುಗರು ಕಿಸಕ್ಕನೆ ನಕ್ಕಾಗ ಎಬ್ಬಿಸಿ ನಿಲ್ಲಿಸಿದಳು.

"ಯಾಕೆ ನಿದ್ದೆ?"

ಉತ್ತರವಿಲ್ಲ. ಮೇಷ್ಟ್ರಿಗೆ ಎದುರು ಮಾತಾಡುವುದು ಆ ಊರುಗಳ ಮಕ್ಕಳಿಗೆ ಗೊತ್ತಿಲ್ಲ. ಕಾರಣ ಹೇಳುವುದೂ ಎದುರು ಮಾತೇ. ಸುವರ್ಣಮ್ಮನಿಗೆ ಆ ಮೌನ ಹಟದಂತೆ ಕಂಡಿತು.

"ಮನೇಲಿ ದೊಡ್ಡವರನ್ನ ಕರ್ಕೊಂಡು ಬಾ. ಅಲ್ಲೀವರೆಗೂ ಕ್ಲಾಸಿಗೆ ಬರಬೇಡ."

ಪುಟ್ಟಮಲ್ಲಮ್ಮ ಪುಸ್ತಕ ಎತ್ತಿಕೊಂಡು ಹೋದಳು. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಶುಕ್ರವಾರ ಹಾಜರಿ ಕೂಗುವಾಗ ಅದೇ ಊರಿನ ಮಹದೇವುವನ್ನು ಕೇಳಿದಳು.

"ಅವ್ರ ಮನೇಲಿ ರೇಸ್ಮೆ ಹುಳ ಮೇಯ್ಸಾರೆ ಟೀಚರ್. ಹುಳ ದೊಡ್ಡವಾದ ಮ್ಯಾಲೆ ಮನೇ ದೊಡ್ಡೋರು ಪ್ಯಾಟೆ ಕಡೀಕೆ ಬರಾಕಿಲ್ಲ. ಯಾರ್ನಾದ್ರೂ ಮುಟ್ಕಂಡು ಬಂದ್ರೆ ಹುಳಕ್ಕೆ ರೋಗ ಬತ್ತದಂತೆ. ಅವ್ಳೂ ಸ್ಕೂಲಿಂದ ಹೋದ್ರೆ ನೀರುಯ್ಕಂಡೇ ಒಳೀಕೋಗ್ಬೇಕು. ರಾತ್ರಿಯೆಲ್ಲಾ ಸೊಪ್ಪಾಕ್ಬೇಕು, ನಿದ್ದೆ ಎಲ್ಲಿ ಬಂದದು?" ಅವನು ಬೆಂಚಿನ ಅಂಚು ಕೆರೆಯುತ್ತ ಮುಂದುವರಿಸಿದ. "ಈಗ ಅವ್ರಪ್ಪ, ಟೀಚರೇ ಬರಬೇಡ ಅಂದವ್ರೆ, ಬುಡು ಅತ್ಲಾಗೆ, ಮನೇಲೇ ಇರ್ಲಿ ಅಂದ್ಬುಟ್ರು."

ಸುವರ್ಣಮ್ಮ ಗದ್ದೆ ಸೀಮೆಯವಳು. ಭತ್ತದ ಮನೆಯ ಕಷ್ಟ ಬಲ್ಲಳು, ಹುಳದ ಮನೆಯದು ತಿಳಿಯದು. ಹೆಡ್‌ಮಾಸ್ಟರಿಗೆ ಹೇಳಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತ, "ಸೋಮವಾರವೂ ಬರದಿದ್ರೆ ಹೆಸರು ಹೊಡೆದುಹಾಕಿ. ಹೆಣ್ಣುಮಕ್ಕಳು ಒಂದು ಸಲ ನಿಂತರೆ ಮತ್ತೆ ಬರೋದಿಲ್ಲ" ಎಂದರು. ಗದರಿಸಲಿಲ್ಲ. ಗದರಿಸಿದ್ದರೇ ಚೆನ್ನಾಗಿತ್ತು. ಶಾಲೆ ಬಿಡಿಸಲು ಮನೆಯವರು ನೆಪ ಕಾಯುತ್ತಿದ್ದ ಹುಡುಗಿಯನ್ನು ತಾನೇ ಬಿಡಿಸಿಕೊಟ್ಟ ಹಾಗಾಯಿತಲ್ಲ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತು.

ಶನಿವಾರದ ಬಸ್ಸನ್ನು ಅವಳು ಹತ್ತಲಿಲ್ಲ. ಈ ವಾರ ಬರುವುದಿಲ್ಲವೆಂದು ಕಂಡಕ್ಟರನ ಕೈಲಿ ಗಂಡನಿಗೆ ಹೇಳಿಕಳಿಸಿದಳು. ಅಮ್ಮ ಎಲ್ಲಿ ಎಂದು ಮಗು ಬಾಗಿಲು ನೋಡುವುದು ಕಣ್ಣಿಗೆ ಕಟ್ಟಿದಂತಿತ್ತು.

ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒಂದು ತುಂಡು ಮಲ್ಲಿಗೆ ಮುಡಿದು, ಮಧುವನಹಳ್ಳಿಗೆ ನಡೆದಳು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದ ಮನೆ. ಹೊಸಿಲ ಹತ್ತಿರ ಬರುತ್ತಲೇ ಒಳಗಿಂದ ಮುದುಕಿಯೊಬ್ಬಳು ಕೈ ಅಡ್ಡ ಮಾಡಿದಳು.

"ಅಲ್ಲೇ ನಿಂತ್ಕಳಿ. ಯಾರವ್ವಾ?"

"ಪುಟ್ಟಮಲ್ಲಮ್ಮನ ಟೀಚರು."

"ಓ, ನೀವೇಯಾ." ಹುಡುಗಿಯ ಅಜ್ಜಿ ಕೆಂಪಾಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಶ್ಯ ಏನಾರಾ ಏರ್ಸೀರಾ?"

"ಇಲ್ಲಮ್ಮ."

"ಮೇಷ್ಟ್ರುಗಳ್ಗೆಲ್ಲ ಇರ್ತದೆ, ಅದ್ಕೇ ಕೇಳ್ದೆ. ಹೊಗೆಸೊಪ್ಪಿನ ವಾಸ್ನೆ ನಮ್ಮ ಹುಳಕ್ಕೆ ಆಗಾಕಿಲ್ಲ. ತಲೇಲಿರೋ ಹೂವ ತಗ್ದು ಅಲ್ಲಿ ತುಳಸಿ ಮ್ಯಾಲೆ ಮಡಗಿ. ಕೈ ಕಾಲು ತೊಳ್ಕಳಿ."

ಬೈಗಳಿಗೆ ತಯಾರಾಗಿ ಬಂದಿದ್ದ ಸುವರ್ಣಮ್ಮ ಹೂ ತೆಗೆದಿಟ್ಟು ಕಾಲು ತೊಳೆದಳು. ಒಳಗೆ ಕತ್ತಲು, ಹಸಿ ಸೊಪ್ಪಿನ ವಾಸನೆ, ಮೇಲಿಂದ ಕೆಳಗಿನ ತನಕ ಬಿದಿರು ತಟ್ಟೆಗಳು. ಮನೆಯವರೆಲ್ಲ ತಟ್ಟೆಗಳ ಮೇಲೆ ಬಗ್ಗಿದ್ದರು. ಅಪ್ಪ ಪುಟ್ಟಮಾದಪ್ಪ ತಲೆ ಎತ್ತಿ, "ಬನ್ನಿ" ಎಂದು ಮತ್ತೆ ಬಗ್ಗಿದ. ಪುಟ್ಟಮಲ್ಲಮ್ಮ ಎದ್ದು ನಿಂತಳು.

"ಕುಂತ್ಕ ಮಗ, ನಿಂತ್ರೆ ಹುಳ ಕಾಯ್ತವಾ?" ಎಂದಳು ಅಜ್ಜಿ. "ಟೀಚರಮ್ಮ, ಇವತ್ತು ಹುಳ ಹಣ್ಣಾಗವೆ. ಬೇಗ ಆಯ್ದು ಚಂದ್ರಿಕೆಗೆ ಬುಡದಿದ್ರೆ ಇಲ್ಲೇ ಗೂಡು ಕಟ್ಕಂಡು ಕೆಟ್ಟೋಯ್ತವೆ. ಮಾತಾಡ್ಬೇಕು ಅಂದ್ರೆ ನೀವೂ ಕುಂತ್ಕಂಡು ಕೈ ಹಾಕಿ."

ಚಂದ್ರಿಕೆ ಎಂದರೆ ಸುತ್ತು ಸುತ್ತಾಗಿ ಬಿದಿರು ಪಟ್ಟಿ ಕಟ್ಟಿದ ಅಗಲವಾದ ಚಾಪೆ. ಆ ಸುತ್ತುಗಳ ಸಂದಿನಲ್ಲಿ ಹುಳ ಗೂಡು ನೇಯಬೇಕು. ಸುವರ್ಣಮ್ಮ ಸೆರಗು ಸಿಕ್ಕಿಸಿ ಕೂತಳು. ಮೊದಲ ಹುಳ ಮುಟ್ಟಿದಾಗ ಮೈ ಜುಮ್ಮೆಂದಿತು. ತಣ್ಣಗೆ, ಮೆತ್ತಗೆ, ಮಗುವಿನ ಕಿವಿಯ ಹಾಗೆ.

"ಅದಲ್ಲ ಟೀಚರ್, ಅದಿನ್ನೂ ಹಸಿ," ಎಂದಳು ಪುಟ್ಟಮಲ್ಲಮ್ಮ. "ಬೆಳಕಿಗೆ ಹಿಡೀರಿ. ಹಣ್ಣಾದ್ದು ದ್ರಾಕ್ಷಿ ಹಂಗೆ ಕಾಣ್ತದೆ, ತಲೆ ಎತ್ಕಂಡು ಜಾಗ ಹುಡುಕ್ತದೆ. ತಿಳೀತಾ?"

"ತಿಳೀತು."

ತಿಳಿದಿರಲಿಲ್ಲ. ಎಲ್ಲ ಹುಳಗಳೂ ಅವಳಿಗೆ ಒಂದೇ ಥರ ಕಾಣುತ್ತಿದ್ದವು. ಅಷ್ಟು ಜನರ ಮುಂದೆ ತಿಳಿಯಲಿಲ್ಲ ಎಂದು ಹೇಗೆ ಹೇಳುವುದೆಂದು ಬಾಯಿ ತಾನಾಗಿ ಹಾಗೆ ಅಂದುಬಿಟ್ಟಿತು. ಇನ್ನೊಂದು ಹಸಿ ಹುಳ ಎತ್ತಿದಳು. ಹುಡುಗಿ ಏನೂ ಹೇಳದೆ ಅದನ್ನು ವಾಪಸು ತಟ್ಟೆಗೆ ಬಿಟ್ಟಳು. ಆಮೇಲೆ ಮತ್ತೊಂದನ್ನು.

"ಇಲ್ಲ ಕಣೇ," ಎಂದಳು ಸುವರ್ಣಮ್ಮ ಮೆಲ್ಲಗೆ. "ತಿಳೀಲಿಲ್ಲ. ಇನ್ನೊಂದು ಸಲ ಹೇಳು."

ಪುಟ್ಟಮಲ್ಲಮ್ಮ ನಕ್ಕಳು. ಕ್ಲಾಸಿನಲ್ಲಿ ಅವಳ ಹಲ್ಲು ಯಾರೂ ಕಂಡಿರಲಿಲ್ಲ. ಬಾಗಿಲ ಬೆಳಕಿನ ಹತ್ತಿರ ಕೂರಿಸಿಕೊಂಡು, ಹಸಿ ಒಂದು, ಹಣ್ಣು ಒಂದು ಅಂಗೈ ಮೇಲೆ ಇಟ್ಟು ತೋರಿಸಿದಳು. ಆಗ ಕಂಡಿತು.

ಸ್ವಲ್ಪ ಹೊತ್ತಿನ ಮೇಲೆ ಕೆಂಪಾಜಮ್ಮನೇ ಬಾಯಿ ತೆಗೆದಳು. "ದೊಡ್ಡೋರ್ನ ಕರ್ಕಂಡು ಬಾ ಅಂದ್ರಂತೆ. ಈ ಮನೇಗೆ ನಾನೇ ದೊಡ್ಡೋಳು. ಅದೇನು ದೂರೋ ಹೇಳಿ."

ಹಿಂದಿನ ದಿನದಿಂದ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ನಿದ್ದೆ ಮಾಡ್ತಾಳೆ ಅಂತ ಕಳಿಸಿದ್ದೆ. ಯಾಕೆ ಅಂತ ಈಗ ಕಂಡೆ. ಆ ಮಾತು ನಾನು ವಾಪಸು ತಗೊಂಡೆ ಅಮ್ಮ. ಅವಳನ್ನ ಕಳಿಸಿಕೊಡಿ."

ಪುಟ್ಟಮಾದಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಮೇಷ್ಟ್ರಾದೋರು ಆಡಿದ ಮಾತ ವಾಪಸ್ ತಗಂಡದ್ದ ನಾನು ಕಂಡಿಲ್ಲ."

"ನೀ ಏನೇನ್ ಕಂಡಿದ್ದೀಯೆ ಬುಡು," ಎಂದಳು ಕೆಂಪಾಜಮ್ಮ ಮಗನಿಗೆ. "ಈ ಟೀಚರ್ ಹುಡ್ಗಿ ನಡ್ಕಂಡು ಬಂದು ಹುಳ ಆಯ್ತಾ ಕುಂತದೆ, ಅದು ಕಾಣ್ತಾ?"

"ಹಂಗಲ್ಲವ್ವ. ಇವ್ಳು ಓದಕ್ಕೋದ್ರೆ ಮುಂದಿನ ಬೆಳೆಗೆ ಕೈ ಯಾರು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಗೆಟ್ಟ ಸುಸ್ತಿತ್ತು. ಆ ಸುಸ್ತು ಸುವರ್ಣಮ್ಮನಿಗೆ ಗೊತ್ತು. ದುಡಿಯುವ ಮನೆಯಲ್ಲಿ ಮಕ್ಕಳ ಕೈ ಎಷ್ಟು ಬೇಗ ಕೆಲಸಕ್ಕೆ ಬೇಕಾಗುತ್ತದೆ ಎಂಬುದೂ ಗೊತ್ತು.

"ಹುಳ ಹಣ್ಣಾಗೋ ದಿವಸ ನೀವೇ ಇಟ್ಕೊಳ್ಳಿ," ಎಂದಳು. "ಅವಳ ಹೆಸರು ಹೋಗದ ಹಾಗೆ ನಾನು ಹೆಡ್‌ಮಾಸ್ಟರ ಹತ್ತಿರ ಮಾತಾಡ್ತೀನಿ. ತಪ್ಪಿಹೋದ ಪಾಠ ಸಂಜೆ ಹೊತ್ತು ಹೇಳ್ಕೊಡ್ತೀನಿ. ಉಳಿದ ದಿನ ನನಗೆ ಬಿಡಿ."

ಸೊಪ್ಪಿನ ಮೇಲೆ ಹುಳ ಹರಿಯುವ ಸಣ್ಣ ಸದ್ದೊಂದೇ. ಪುಟ್ಟಮಲ್ಲಮ್ಮನ ಕೈ ನಿಂತುಹೋಗಿತ್ತು. ಪುಟ್ಟಮಾದಪ್ಪ ತುಂಬಿದ ಚಂದ್ರಿಕೆಯನ್ನು ಎತ್ತಿ ಗೋಡೆಗೆ ಒರಗಿಸಿ ಬಂದ.

"ನಾಳೆ ಹೊತ್ತಾರೆ ಪಕ್ಕದ್ಮನೆ ಗಾಡಿ ಕೊಳ್ಳೇಗಾಲಕ್ಕೆ ಓಯ್ತದೆ," ಎಂದ ಯಾರಿಗೂ ಅಲ್ಲವೆಂಬಂತೆ. "ಹುಳ ಎಲ್ಲಾ ಚಂದ್ರಿಕೆ ಏರಿದ್ರೆ ಇವ್ಳೂ ಕುಂತ್ಕಂಡೋಗ್ಲಿ."

ಆಮೇಲೆ ಎಲ್ಲರ ಕೈಯೂ ಚುರುಕಾಯಿತು, ಸುವರ್ಣಮ್ಮನದೂ. ಮಧ್ಯಾಹ್ನ ಕೆಂಪಾಜಮ್ಮ ರಾಗಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಒಗ್ಗರಣೆ ಇಲ್ಲ, ಹುಳಕ್ಕೆ ಆಗುವುದಿಲ್ಲವೆಂದು. ಸಪ್ಪೆ ಸಾರನ್ನು ಸುವರ್ಣಮ್ಮ ಎರಡು ಸಲ ಹಾಕಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರು, "ದೊಡ್ಡವರು ಬಂದಿದ್ರಾ?" ಎಂದರು.

"ನಾನೇ ಹೋಗಿದ್ದೆ ಸಾರ್." ಹುಳ ಹಣ್ಣಾಗುವ ದಿನಗಳ ವಿಷಯವನ್ನೂ ಹೇಳಿದಳು. ಪಕ್ಕದಲ್ಲಿದ್ದ ವೃಷಭೇಂದ್ರಪ್ಪನವರು ತಲೆ ಅಲ್ಲಾಡಿಸುತ್ತ ಹೊರಗೆ ನೋಡಿದರು. ಹೆಡ್‌ಮಾಸ್ಟರು ತುಸು ಯೋಚಿಸಿ, "ರಜೆ ಅರ್ಜಿ ಬರೆಸಿ ಇಟ್ಕೊಳ್ಳಿ" ಎಂದರು. ಅಷ್ಟೇ.

ಪಾಠ ಶುರುವಾಗಿ ಹತ್ತು ನಿಮಿಷವಾದ ಮೇಲೆ ಬಾಗಿಲಲ್ಲಿ ಪುಟ್ಟಮಲ್ಲಮ್ಮ. ಕಣ್ಣು ಕೆಂಪಾಗಿದ್ದವು, ಜಡೆ ಮಾತ್ರ ನೀಟಾಗಿತ್ತು. ಹುಡುಗರೆಲ್ಲ ಟೀಚರ ಮುಖ ನೋಡಿದರು, ಈಗೇನು ಆಗುತ್ತದೋ ಎಂದು.

"ಬಾ," ಎಂದಳು ಸುವರ್ಣಮ್ಮ. ಆಮೇಲೆ ಕ್ಲಾಸಿನ ಕಡೆ ತಿರುಗಿ, "ಅವಳನ್ನ ಹೊರಗೆ ಕಳಿಸಿದ್ದು ನನ್ನ ತಪ್ಪು. ಕೇಳದೆ ಕಳಿಸಿದೆ" ಎಂದಳು. ಯಾರೂ ನಗಲಿಲ್ಲ. ಕ್ಲಾಸು ಅವಳ ಕೈಬಿಟ್ಟು ಎಲ್ಲಿಗೂ ಹೋಗಲಿಲ್ಲ.

"ಇವಳು ಇಲ್ಲದಾಗ ಮಾಡಿದ ಪ್ರಮೇಯ ಇನ್ನೊಂದು ಸಲ ಹೇಳ್ತೀನಿ. ಗೊತ್ತಿರೋರು ಸುಮ್ಮನೆ ಕೂತಿರಿ."

ಹಲಗೆಯ ಕಡೆ ತಿರುಗಿ ತ್ರಿಕೋನ ಎಳೆದಳು. ಹಿಂದೆ ಪುಟ ತಿರುವುವ ಸದ್ದು, ಪೆನ್ಸಿಲ್ ಹುಡುಕುವ ಸದ್ದು. ನೋಡಿದರೆ ಪುಟ್ಟಮಲ್ಲಮ್ಮ ಒಬ್ಬಳೇ ಅಲ್ಲ, ಮೀಸೆ ಚಿಗುರಿದ ಹಿಂದಿನ ಬೆಂಚಿನವರೂ ಸೇರಿ ಇಡೀ ನಾಲ್ಕನೇ ಫಾರಂ ತಲೆ ಬಗ್ಗಿಸಿಕೊಂಡು ಬರೆದುಕೊಳ್ಳುತ್ತಿತ್ತು.