ಅಲುಗದ ತುಟಿ

ಗಂಟಲಿನ ಆಪರೇಷನ್ ಆದಮೇಲೆ ಅಪ್ಪನ ಮಾತು ತುಟಿಯಲ್ಲೇ ಉಳಿದಿತ್ತು. ಅದನ್ನು ಓದಲು ಬರುತ್ತಿದ್ದುದು ಅಮ್ಮನೊಬ್ಬಳಿಗೇ. ಅಪ್ಪ ಮತ್ತೆ ಆಸ್ಪತ್ರೆ ಸೇರಿದಾಗ, ಕಾಲು ಮುರಿದುಕೊಂಡಿದ್ದ ಅಮ್ಮ ಅವರನ್ನು ಕೊನೆಯ ಸಲ ಕಂಡದ್ದು ವೀಡಿಯೊ ಕರೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವಳದು ಒಂದೇ ಕೊರಗು.

"ಆಸ್ಪತ್ರೆಗೆ ಹೊರಡುವಾಗ ಕನ್ನಡಕ ಎಲ್ಲಿಟ್ರಿ ಅಂತ ಗದರಿದ್ದೆ ನೋಡು, ಅದನ್ನೇ ಮನಸ್ಸಲ್ಲಿಟ್ಕೊಂಡ್ರು. ಕಣ್ಣು ಮಿಟುಕಿಸ್ತಾ ನನ್ನನ್ನೇ ನೋಡ್ತಿದ್ರು. ತುಟಿ ಮಾತ್ರ ಪಿಟಕ್ ಅನ್ನಲಿಲ್ಲ."

ಮಗಳು ಏನೋ ಸಮಾಧಾನ ಹೇಳಿದ್ದಳು. ಅಪ್ಪನ ಬಟ್ಟೆಬರೆ ತರಲು ಹೋದಾಗ ವಾರ್ಡಿನ ನರ್ಸ್ ಹೇಳಿದರು: "ಅವತ್ತು ಫೋನ್ ಹಿಡ್ಕೊಂಡಿದ್ದು ನಾನೇ. ಅಮ್ಮಾವ್ರ ಹತ್ರ ಎಷ್ಟೊಂದು ಮಾತಾಡಿದ್ರು! ಸಣ್ಣಗೆ ತುಟಿ ಅಲ್ಲಾಡಿಸ್ತಾನೇ ಇದ್ರು. ನಮಗೆಲ್ಲಿ ಅರ್ಥ ಆಗ್ಬೇಕು?"

ಮೆಟ್ಟಿಲಿಳಿಯುವಷ್ಟರಲ್ಲಿ ಮಗಳಿಗೆ ಎಲ್ಲ ಹೊಳೆದಿತ್ತು. ಆಸ್ಪತ್ರೆಯ ಆ ವೀಡಿಯೊ ಕರೆಯ ಸಾಫ್ಟ್‌ವೇರನ್ನು ತನ್ನ ಆಫೀಸಿನಲ್ಲಿ ಕೂತು ಹದಕ್ಕೆ ತಂದವಳು ಅವಳೇ.

ಅಲ್ಲಿನ ನೆಟ್‌ವರ್ಕ್ ಬಡಕಲು. ಚಿತ್ರ ಸ್ಪಷ್ಟವಾಗಿರಬೇಕು, ತಡವಾಗದೆ ತಲುಪಬೇಕು, ಕಡಿಮೆ ಡೇಟಾದಲ್ಲೇ ಮುಗಿಯಬೇಕು ಎಂದರೆ ಯಾವುದಾದರೊಂದು ಕೈಕೊಡಲೇಬೇಕು. ರೋಗಿಗೂ ಮನೆಯವರಿಗೂ ನಡುವೆ ಒಂದು ಗಳಿಗೆಯೂ ತಡವಾಗಕೂಡದೆಂದು ಅವಳು ಪಟ್ಟು ಹಿಡಿದಿದ್ದಳು. ಹಾಗಾಗಿ ಉಳಿತಾಯವನ್ನೆಲ್ಲ ಚಿತ್ರದಲ್ಲೇ ಮಾಡಬೇಕಾಯಿತು. ಮಂದ ಬೆಳಕಿನಲ್ಲಿ ಕ್ಯಾಮೆರಾದ ಚಿತ್ರದ ತುಂಬ ಕಾಳುಕಾಳು ಮಿಣುಗುತ್ತದೆ. ಅದನ್ನೂ ಕಳಿಸುತ್ತ ಕೂತರೆ ಡೇಟಾ ನೀರಿನಂತೆ ಹರಿದುಹೋಗುತ್ತದೆ. ಅದಕ್ಕೇ, ಚಿತ್ರದ ಯಾವ ಚೌಕದಲ್ಲಿ ಬದಲಾವಣೆ ತೀರ ಸಣ್ಣದೋ ಅಲ್ಲಿ ಹಿಂದಿನ ಚಿತ್ರವೇ ಉಳಿಯುವಂತೆ ಮಾಡಿದ್ದಳು. "ಈ ಜಿಪುಣಿ ಕೈಗೆ ಸಿಕ್ರೆ ಗಾಳಿನೂ ಹಿಂಡಿ ಒಣಗಿಸ್ತಾಳೆ" ಎಂದು ಆಫೀಸಿನವರು ನಕ್ಕಿದ್ದರು. ಪರೀಕ್ಷೆಗೆ ಕ್ಯಾಮೆರಾದ ಮುಂದೆ ಕೂರಿಸಿದ್ದೂ ಅವರನ್ನೇ, ಬಾಯ್ತುಂಬ ಹರಟುವ ಗಟ್ಟಿಮುಟ್ಟಾದವರನ್ನು. ಸೋತ ಜೀವದ ತುಟಿ ಎಷ್ಟು ಅಲುಗೀತೆಂದು ಯಾರೂ ಅಳೆದು ನೋಡಿರಲಿಲ್ಲ. ಅಪ್ಪ ರೆಪ್ಪೆ ಬಡಿದದ್ದು ಅಮ್ಮನಿಗೆ ತಲುಪಿತ್ತು. ತುಟಿಯ ಸಣ್ಣ ಅಲುಗಾಟ ಮಾತ್ರ ಆ ಕಾಳುಗಳ ಲೆಕ್ಕಕ್ಕೆ ಸೇರಿ ಅಳಿಸಿಹೋಗಿತ್ತು.

ಮನೆಗೆ ಬಂದು ಬಾಯಿಮಾತಲ್ಲಿ ಹೇಳಿದ್ದನ್ನು ಅಮ್ಮ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಕತೆ ಕಟ್ಟಬೇಡ, ಹೋಗೆ."

ಮಗಳು ಅವಳ ಕೈಗೆ ಫೋನ್ ಕೊಟ್ಟು ಒಳಕೋಣೆಗೆ ಹೋದಳು. ಪರದೆ ಎಳೆದು ಮಂಚದ ಮೇಲೆ ಮಲಗಿ, ಆಸ್ಪತ್ರೆಯದೇ ಸಾಫ್ಟ್‌ವೇರಿನಿಂದ, ಅದೇ ಹದದಲ್ಲಿ ಅಮ್ಮನಿಗೆ ವೀಡಿಯೊ ಕರೆ ಮಾಡಿದಳು. ದನಿಯಿಲ್ಲದೆ ಸಣ್ಣಗೆ ತುಟಿ ಆಡಿಸತೊಡಗಿದಳು.

"ಏನೇ ಇದು, ಸುಮ್ನೆ ಬಿದ್ಕೊಂಡಿದೀಯ?" ಹೊರಗಿನಿಂದ ಅಮ್ಮ ಕೂಗಿದಳು. "ಕಣ್ಣು ಪಿಳಿಪಿಳಿ ಬಿಡೋದು ನೋಡೋಕೆ ಫೋನ್ ಬೇಕಿತ್ತಾ?"

"ಇಲ್ಲಿ ಬಂದು ನೋಡಮ್ಮ," ಎಂದು ಕೂಗಿ ಮಗಳು ಮತ್ತೆ ದನಿಯಿಲ್ಲದೆ ಶುರುಮಾಡಿದಳು.

ವಾಕರ್ ಊರಿಕೊಂಡು ಅಮ್ಮ ಮಂಚದ ತನಕ ಬಂದಳು. ಮಗಳ ತುಟಿ ನೋಡಿದಳು, ಫೋನ್ ನೋಡಿದಳು, ಮತ್ತೆ ತುಟಿ ನೋಡಿದಳು. ಫೋನಿನಲ್ಲಿದ್ದ ಮಗಳು ಬಾಯಿ ಬಿಗಿದುಕೊಂಡೇ ಇದ್ದಳು.

"ಅಪ್ಪ... ನಿನ್ನ ಹತ್ರ... ಮಾತಾಡಿದ್ರಮ್ಮ," ಎಂದು ಅಮ್ಮ ಆ ತುಟಿಗಳನ್ನು ಗಟ್ಟಿಯಾಗಿ ಓದಿದಳು. ಮುಖ ಅರಳಿತು. "ಹಾಗಾದ್ರೆ ಮುನಿಸಿರಲಿಲ್ವಾ? ಏನಂದ್ರಂತೆ? ನಿಮ್ಮ ಕಂಪ್ಯೂಟರಲ್ಲಿ ಎಲ್ಲಾದ್ರೂ ಇರುತ್ತಲ್ಲ, ತೆಗಿ."

"ಎಲ್ಲೂ ಇಲ್ಲಮ್ಮ. ಅದು ಆಸ್ಪತ್ರೆಯ ಫೋನಿಂದ ಹೊರಟೇ ಇಲ್ಲ." ಮಗಳು ಬೈಗುಳಕ್ಕೆ ಕಾದಳು.

ಅಮ್ಮ ಬೈಯಲಿಲ್ಲ. ಮಂಚದ ಅಂಚಿಗೆ ಕುಸಿದು ಕೂತಳು.

"ನೆಟ್‌ವರ್ಕ್ ಹೋಗಿ ಅವತ್ತಿನ ಕರೆ ಕಟ್ ಆಯ್ತು ಅಂತ ನಿಂಗೆ ಹೇಳಿದ್ನಲ್ಲ, ಸುಳ್ಳು. ಈ ಮನುಷ್ಯನ ಬಿಗುಮಾನ ಸಾಕಪ್ಪಾ ಅಂತ ನಾನೇ ಒತ್ತಿಬಿಟ್ಟೆ." ಕೈಯಲ್ಲಿದ್ದ ಫೋನನ್ನು ನೋಡಿದಳು. "ಅಷ್ಟರಲ್ಲಿ ಮಾತು ಮುಗಿದಿತ್ತೇನೇ ಅವರ್ದು?"

"ಗೊತ್ತಿಲ್ಲಮ್ಮ."

ಕರೆ ಇನ್ನೂ ನಡೆಯುತ್ತಲೇ ಇತ್ತು. ಅದನ್ನು ಕಟ್ ಮಾಡಲು ಇಬ್ಬರಿಗೂ ಕೈ ಏಳಲಿಲ್ಲ.