ಹೈಮಾವತಿಗೆ ತೆಲುಗು ಬರುವುದಿಲ್ಲವಂತೆ

ಮನೆ ಓನರ್ ಕೋಟೇಶ್ವರಮ್ಮನವರು ಅರಿಶಿನ ಕುಂಕುಮಕ್ಕೆ ಈ ಸಲವೂ ಅಮ್ಮನನ್ನು ಮಾತ್ರ ಕರೆದರು. ಹೈಮಾವತಿ ಡೈರಿಯಲ್ಲಿ ಬರೆದುಕೊಂಡಳು: ‘ನನ್ನ ಕಿವಿಯ ವಿಷಯ ಅವರಿಗೆ ಗೊತ್ತಾಗಲಿಲ್ಲವಲ್ಲ ಎಂದು ನೆಮ್ಮದಿಯಾಯಿತು. ಹಾಗೆ ನೆಮ್ಮದಿಯಾದದ್ದಕ್ಕೇ ಅಳು ಬಂತು.’

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಆ ವಠಾರದಲ್ಲಿ ಯಾರು ಅವಳನ್ನು ಮಾತನಾಡಿಸಿದರೂ ತಾಯಿ ಉಮಾದೇವಿ ಅಡ್ಡ ಬಂದು, “ಅವಳಿಗೆ ತೆಲುಗು ಬರಲ್ಲ” ಅನ್ನುತ್ತಿದ್ದರು. ಕನ್ನಡದ ಮನೆ, ಜನ ನಂಬಿದರು. ಹೈಮಾವತಿಯೋ ಇದೇ ಊರಲ್ಲಿ ಬಿ.ಕಾಂ. ಮುಗಿಸಿದವಳು, ತೆಲುಗು ಪೇಪರನ್ನು ಒಂದಕ್ಷರ ಬಿಡದೆ ಓದುವವಳು. ದಿನವಿಡೀ ಅವಳೊಡನೆ ಮಾತನಾಡಲು ಇದ್ದದ್ದು ಅಮ್ಮನ ಎರಡು ತುಟಿ, ಅಷ್ಟೇ.

ಪಕ್ಕದ ಮನೆಗೆ ಹೊಸದಾಗಿ ಬಂದ ಹಾರಿಕಾ ಮಾತ್ರ ನಂಬಲಿಲ್ಲ. ಅವಳ ತಾಯಿ ಬಳ್ಳಾರಿಯವರು, ಅವಳ ಕೆಲಸ ಕಿವಿ ಪರೀಕ್ಷೆಯ ಕೇಂದ್ರದಲ್ಲಿ.

“ಆಂಟಿ, ಹಿಂದಿನಿಂದ ಕನ್ನಡದಲ್ಲೇ ಎರಡು ಸಲ ಕರೆದೆನಂಡಿ. ಅದೂ ಬರಲ್ವಾ ಇವಳಿಗೆ?”

ಉಮಾದೇವಿ ಒಳಗೆ ಹೋದರು. ಬೀರುವಿನಿಂದ ಕಿವಿ ಯಂತ್ರದ ಪುಟ್ಟ ಡಬ್ಬಿ ತಂದರು. “ವಿಶಾಖಪಟ್ಣದಲ್ಲಿದ್ದಾಗ ಒಂದು ಕ್ಯಾಂಪಲ್ಲಿ ಕೊಟ್ಟಿದ್ರು. ಹಾಕಿದ್ರೆ ಕುಕ್ಕರ್ ಥರ ಸಿಳ್ಳೆ ಹೊಡೆಯುತ್ತೆ.”

“ಕಿವಿಯ ಅಚ್ಚು ತಗೊಂಡಿದ್ರಾ?”

“ಎಲ್ಲಿ ಬಂತು! ಸಾಲಾಗಿ ನಿಲ್ಲಿಸಿ ಹಂಚಿದ್ರು.”

“ಬೇರೆಯವರ ಚಪ್ಪಲಿ ಕಾಲು ಕಚ್ಚಲ್ವಾ? ಕಿವಿಗೂ ಅಳತೆ ಇದೆ ಆಂಟಿ. ಸಡಿಲ ಆದ್ರೆ ಸಿಳ್ಳೆನೇ. ಅಚ್ಚು ಮಾಡಿಸಬೇಕು, ಇವಳಿಗೆ ತಕ್ಕ ಹಾಗೆ ಸದ್ದು ಹೊಂದಿಸಬೇಕು, ಆಮೇಲೂ ಬಂದು ತೋರಿಸ್ತಿರಬೇಕು.”

“ಎಲ್ಲರಿಗೂ ಕಾಣುತ್ತಲ್ಲೇ! ಗಂಡಿನ ಕಡೆಯವರು ಬಂದ್ರೆ?”

“ಮೊದಲು ವಠಾರದವರು ಇವಳ ಮುಖ ನೋಡಿ ಮಾತಾಡಲಿ ಬಿಡಿ!”

ಇಬ್ಬರ ತುಟಿಯನ್ನೂ ಓದುತ್ತಿದ್ದ ಹೈಮಾವತಿ ತಲೆ ತಗ್ಗಿಸಿದಳು. ಅದನ್ನು ಕಂಡು ಉಮಾದೇವಿಯೇ ಮೊದಲು ಎದ್ದರು. “ನಡೀರಿ, ಈಗಲೇ ಹೋಗೋಣ.”

ಅಚ್ಚು ಬರಲು ಒಂದು ವಾರ ಹಿಡಿಯಿತು. ಯಂತ್ರ ಹಾಕಿದ ಮೊದಲ ದಿನ ಫ್ಯಾನಿನ ಸದ್ದಿಗೇ ತಲೆನೋವು. ಇನ್ನೇನು ಅದು ಮತ್ತೆ ಬೀರು ಸೇರುವುದರಲ್ಲಿತ್ತು, ಹಾರಿಕಾ ಬಿಡಲಿಲ್ಲ. ಸದ್ದು ತಗ್ಗಿಸಿಕೊಟ್ಟು, ದಿನಕ್ಕೆ ಒಂದು ಗಂಟೆಯಿಂದ ರೂಢಿ ಮಾಡಿಸಿದಳು.

ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಕೋಟೇಶ್ವರಮ್ಮ ತೆಲುಗಿನಲ್ಲಿ ಕೇಳಿದರು: “ಉಮಾದೇವಿಗಾರೂ, ಹುಡುಗಿ ಕಿವಿಯಲ್ಲಿ ಏನದು?”

ಅಮ್ಮ ಬಾಯಿ ತೆರೆಯುವ ಮೊದಲೇ ಹೈಮಾವತಿ ತೆಲುಗಿನಲ್ಲೇ ಹೇಳಿದಳು: “ಕಿವಿ ಯಂತ್ರ, ಅತ್ತಯ್ಯಗಾರೂ. ನನಗೆ ತೆಲುಗು ಬರುತ್ತೆ. ಕಿವಿ ಕೇಳಿಸ್ತಿರಲಿಲ್ಲ.”

ನಿಮ್ಮ ಮನೆಯಲ್ಲೂ ಕಿವಿ ಯಂತ್ರವೋ ಊರುಗೋಲೋ ಗಾಲಿಕುರ್ಚಿಯೋ ಹೊಂದದೆ ಮೂಲೆ ಸೇರಿದೆಯೇ? ಬಳಸುವವರನ್ನೇ ಅದನ್ನು ಹೊಂದಿಸಿಕೊಡುವ ಕೇಂದ್ರಕ್ಕೆ ಕರೆದೊಯ್ಯಿರಿ. ಅವರ ಅಳತೆಗೆ ಸರಿಮಾಡಿಸಿ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಹೋಗಿ. ಅಲ್ಲಿ ಏನಾದರೂ ಕೇಳಿದರೆ ಉತ್ತರ ಅವರೇ ಹೇಳಲಿ.